ತಪ್ಪು ಸ್ವರ ಜೋರಾಗಿ ಬರಲಿ: ಮನೆಯಲ್ಲಿ ಸಂಗೀತ ಪಾಠ ಹೇಳುವವರಿಗೆ

ಹೆದರಿದ ಮಗು ಮೆಲ್ಲಗೆ ಹಾಡುತ್ತದೆ. ಮನೆಪಾಠ ಹೇಳುವ ಯಾರನ್ನು ಕೇಳಿದರೂ ಇದನ್ನು ಒಪ್ಪುತ್ತಾರೆ. ತೊಂದರೆ ಏನೆಂದರೆ, ಮೆಲ್ಲಗೆ ಹಾಡಿದ್ದನ್ನು ತಿದ್ದೋಕೆ ಆಗಲ್ಲ. ರಿಷಭ (ರಿ ಸ್ವರ) ಎಲ್ಲಿ ನಿಂತಿತು ಅಂತ ನಮಗೂ ಗೊತ್ತಾಗುವುದಿಲ್ಲ, ಆ ಮಗುವಿಗೂ ಗೊತ್ತಾಗುವುದಿಲ್ಲ. ಜೊತೆಗೆ ಭಯ ಇದ್ದಾಗ ಉಸಿರು ಎದೆಯ ಮೇಲ್ಗಡೆಯೇ ಆಡುತ್ತದೆ, ಗಂಟಲು ಬಿಗಿಯುತ್ತದೆ, ಉದ್ದ ಸ್ವರ ಹಿಡಿಯಲು ಹೋದರೆ ಶ್ರುತಿ ಜಾರುತ್ತದೆ. ಹಾಗಾಗಿ ಪಾಠದ ಕೋಣೆ ಹೇಗಿದೆ, ನಾವು ಹೇಗೆ ಮಾತಾಡುತ್ತೇವೆ ಅನ್ನೋದು ನೇರವಾಗಿ ಶ್ರುತಿಗೇ ತಾಗುವ ವಿಷಯ. ಮಗು ತಪ್ಪನ್ನು ಬಾಯಿ ಬಿಟ್ಟು, ಗಟ್ಟಿಯಾಗಿ ಹಾಡಿದರೆ ನಮ್ಮ ಕೆಲಸ ಸುಲಭ.

ಕರ್ನಾಟಕ ಸಂಗೀತದ ಹಾಡುಗಾರಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ವೀಣೆ, ಪಿಟೀಲು, ಕೊಳಲು ಹೇಳಿಕೊಡುವವರು ತಮಗೆ ಬೇಕಾದಂತೆ ಬದಲಾಯಿಸಿಕೊಳ್ಳಬಹುದು.

ಶುರುಮಾಡುವ ಮುಂಚೆ ಒಂದು ಮಾತು. "ನಾವೆಲ್ಲ ಬೈಸಿಕೊಂಡೇ ಕಲಿತದ್ದು, ಈಗಿನ ಮಕ್ಕಳಿಗೆ ಮುದ್ದು ಜಾಸ್ತಿ" ಅನ್ನುವ ಮಾತು ನಮ್ಮಲ್ಲಿ ಆಗಾಗ ಬರುತ್ತದೆ. ಗುರುಗಳ ಮನೆಯಲ್ಲಿದ್ದು ಕಲಿಯುವ ಕಾಲದಲ್ಲಿ ಬೈಗುಳ ಇತ್ತು, ನಿಜ. ಆದರೆ ಅದರ ಜೊತೆ ಇನ್ನೂ ಏನೇನೋ ಇತ್ತು. ಮೈಸೂರು ವಾಸುದೇವಾಚಾರ್ಯರು ತಿರುವಯ್ಯಾರಿನಲ್ಲಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಬಳಿ ಇದ್ದು ಕಲಿತರು. ಅಂಥ ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಸಂಗೀತ ಕಿವಿಗೆ ಬೀಳುತ್ತಲೇ ಇರುತ್ತದೆ. ಗುರು ಸಾಧನೆ ಮಾಡುವುದು, ಹಿರಿಯ ಶಿಷ್ಯರು ತಪ್ಪುವುದು, ತಿದ್ದಿಕೊಳ್ಳುವುದು, ಎಲ್ಲವನ್ನೂ ಹುಡುಗ ನೋಡುತ್ತಾನೆ. ಬೈದ ಗುರುವೇ ಸಂಜೆ ಊಟಕ್ಕೆ ಕರೆಯುತ್ತಾರೆ. ನಮ್ಮ ಹತ್ತಿರ ಬರುವ ಮಗುವಿಗೆ ವಾರಕ್ಕೆ ಎರಡು ದಿನ, ಮುಕ್ಕಾಲು ಗಂಟೆ ಪಾಠ. ಉಳಿದ ಹೊತ್ತಲ್ಲಿ ಸ್ಕೂಲು, ಟ್ಯೂಷನ್ನು, ವ್ಯಾನು. ಗುರುಕುಲದಿಂದ ಬೈಗುಳವನ್ನಷ್ಟೇ ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಬಿಟ್ಟರೆ ಆ ಮುಕ್ಕಾಲು ಗಂಟೆಯಲ್ಲಿ ಮಗುವಿನ ಪಾಲಿಗೆ ಬೈಗುಳವೇ ಉಳಿಯುತ್ತದೆ.

ಹೆಜ್ಜೆ 1: ಕೋಣೆ

ದೊಡ್ಡ ಖರ್ಚೇನೂ ಬೇಡ. ಒಂದು ಜಮಖಾನ, ಒಂದು ಚೊಂಬು ನೀರು, ಶ್ರುತಿಪೆಟ್ಟಿಗೆ ಅಥವಾ ಫೋನಿನಲ್ಲಿ ತಂಬೂರಿ ಆ್ಯಪ್. ಫೋನಿನ ಸಣ್ಣ ಸ್ಪೀಕರ್‌ನಲ್ಲಿ ಮಂದ್ರದ ಷಡ್ಜ (ಕೆಳಗಿನ ಸ) ಸರಿಯಾಗಿ ಕೇಳುವುದಿಲ್ಲ, ಆದ್ದರಿಂದ ಒಂದು ಪುಟ್ಟ ಸ್ಪೀಕರ್ ಇದ್ದರೆ ಒಳ್ಳೆಯದು. ಅದನ್ನು ನಿಮ್ಮ ಪಕ್ಕದಲ್ಲಿ ಇಟ್ಟುಕೊಳ್ಳಬೇಡಿ, ಮಗುವಿನ ಕಡೆ ಇಡಿ. ಹಾಡುವವರಿಗೆ ತಾನೇ ಶ್ರುತಿ ಕೇಳಬೇಕಾದದ್ದು?

ಗಡಿಯಾರ ಮಗುವಿನ ಬೆನ್ನ ಹಿಂದೆ ಇರಲಿ, ನಿಮಗೆ ಮಾತ್ರ ಕಾಣಲಿ. ನೀವು ಕುರ್ಚಿಯ ಮೇಲೆ, ಮಗು ನೆಲದ ಮೇಲೆ ಅನ್ನುವ ಏರ್ಪಾಡು ಬೇಡ. ಮಂಡಿನೋವು ಇದ್ದು ಕುರ್ಚಿ ಬೇಕೇ ಬೇಕು ಅಂದರೆ ಇಬ್ಬರಿಗೂ ಕುರ್ಚಿ ಹಾಕಿ. ಕತ್ತೆತ್ತಿ ನೋಡುತ್ತಾ ಹಾಡಿದರೆ ಗಂಟಲು ಎಳೆಯುತ್ತದೆ.

ಮುಂದಿನ ಪಾಠಕ್ಕೆ ಬಂದವರನ್ನು ಎಲ್ಲಿ ಕೂರಿಸುತ್ತೀರಿ ಅನ್ನುವುದನ್ನು ಮೊದಲೇ ಯೋಚಿಸಿ. ಸಾಮಾನ್ಯವಾಗಿ ಅದೇ ಹಾಲ್‌ನಲ್ಲಿ, ಸೋಫಾದ ಮೇಲೆ ಕೂರುತ್ತಾರೆ. ಮುಂದಿನ ಹಂತದ ವರ್ಣ ಕಲಿಯುವ ಹುಡುಗಿಯ ಎದುರು ಆರಂಭದ ಸ್ವರಾಭ್ಯಾಸವಾದ ಜಂಟಿ ವರಸೆಯಲ್ಲಿ ತಡವರಿಸುವುದು ಹತ್ತು ವರ್ಷದ ಮಗುವಿಗೆ ಸಣ್ಣ ಸಂಗತಿ ಅಲ್ಲ. ವರಾಂಡದಲ್ಲಿ ಎರಡು ಕುರ್ಚಿ ಹಾಕಿ, ಅಥವಾ ನಡುವೆ ಐದು ನಿಮಿಷ ಬಿಡಿ.

ಬಾಗಿಲು ತೆರೆದಿರಲಿ. ಇದು ಗಾಳಿಗಾಗಿ ಹೇಳುತ್ತಿರುವ ಮಾತಲ್ಲ. ಒಬ್ಬ ಹಿರಿಯರು, ಒಂದು ಮಗು, ಒಂದು ಕೋಣೆ ಅಂದಮೇಲೆ ಹೊರಗಿನಿಂದ ಒಳಗೆ ಕಾಣುವಂತಿರಬೇಕು. ಅಪ್ಪ, ಅಮ್ಮ, ಅಜ್ಜಿ ಯಾರು ಬೇಕಾದರೂ ಯಾವ ದಿನ ಬೇಕಾದರೂ ಬಂದು ಕೂರಬಹುದು ಅಂತ ಮೊದಲೇ ಹೇಳಿಬಿಡಿ. ವೀಣೆಯ ಮೆಟ್ಟಿನ ಮೇಲೆ ಬೆರಳು ಇಡಿಸುವಾಗ, ಕೊಳಲು ಹಿಡಿಸುವಾಗ ಕೈ ಮುಟ್ಟಬೇಕಾಗುತ್ತದೆ. "ಬೆರಳು ಸರಿ ಮಾಡ್ಲಾ?" ಅಂತ ಪ್ರತಿಸಲ ಕೇಳಿಯೇ ಮುಟ್ಟಿ. ಬೇಡ ಅಂದರೆ ನಿಮ್ಮ ವಾದ್ಯದ ಮೇಲೆ ತೋರಿಸಿ. ಹೊಟ್ಟೆಯಿಂದ ಉಸಿರು ತೆಗೆಯುವುದನ್ನು ಕಲಿಸುವಾಗ ಮಗು ತನ್ನ ಕೈಯನ್ನು ತಾನೇ ಹೊಟ್ಟೆಯ ಮೇಲೆ ಇಟ್ಟುಕೊಳ್ಳಲಿ. ನಮ್ಮ ಕೈ ಅಲ್ಲಿಗೆ ಹೋಗುವ ಅಗತ್ಯವೇ ಇಲ್ಲ.

ಹೆಜ್ಜೆ 2: ಮಗುವಿನ ಶ್ರುತಿ ಹುಡುಕಿ

ಮನೆಪಾಠಗಳಲ್ಲಿ ಮಕ್ಕಳು ಅಳುವುದಕ್ಕೆ, ಬಿಟ್ಟುಹೋಗುವುದಕ್ಕೆ ಇದೇ ದೊಡ್ಡ ಕಾರಣ ಅಂತ ನನ್ನ ಅಭಿಪ್ರಾಯ. ಟೀಚರ್ ತಮ್ಮ ಶ್ರುತಿಯಲ್ಲೇ ಪಾಠ ಮಾಡುತ್ತಾರೆ. ಮಗುವಿಗೆ ತಾರ ಷಡ್ಜ (ಮೇಲಿನ ಸ) ಎಟುಕುವುದಿಲ್ಲ, ಅಥವಾ ಮಂದ್ರದಲ್ಲಿ ದನಿಯೇ ಹೊರಡುವುದಿಲ್ಲ. ಆಮೇಲೆ "ಇವಳಿಗೆ ಸ್ವರಜ್ಞಾನ ಕಡಿಮೆ" ಅನ್ನುವ ತೀರ್ಪು.

ಮೊದಲ ದಿನ ಸರಳೆ ವರಸೆ (ಮೊಟ್ಟಮೊದಲ ಸ್ವರಪಾಠ) ಬೇಡ. ಹೆಸರು, ಊರು, ಇಷ್ಟದ ತಿಂಡಿ ಅಂತ ಸುಮ್ನೆ ಮಾತಾಡಿಸಿ. ಮಗು ಯಾವ ದನಿಯಲ್ಲಿ ಆರಾಮಾಗಿ ಮಾತಾಡುತ್ತದೆ ಅಂತ ಕೇಳಿಸಿಕೊಳ್ಳಿ. ಆಮೇಲೆ ಐದು ಮನೆ ಶ್ರುತಿ (ಹಾರ್ಮೋನಿಯಂನ ಐದನೇ ಬಿಳಿ ಮನೆ) ಹಾಕಿ "ಸಾ" ಅನ್ನಿಸಿ. ಅಲ್ಲಿಂದ ತಾರ ಷಡ್ಜದವರೆಗೆ ಹೋಗಲಿ, ಕೆಳಗೆ ಮಂದ್ರ ನಿಷಾದ, ಧೈವತದವರೆಗೆ ಬರಲಿ. ಮೇಲೆ ಕತ್ತಿನ ನರ ಉಬ್ಬಿದರೆ ಅರ್ಧ ಮನೆ ಇಳಿಸಿ. ಕೆಳಗೆ ದನಿ ಗಾಳಿಯಾದರೆ ಅರ್ಧ ಮನೆ ಏರಿಸಿ. ಸಣ್ಣ ಮಕ್ಕಳು, ಹುಡುಗಿಯರು, ಹೆಂಗಸರಿಗೆ ಸಾಮಾನ್ಯವಾಗಿ ಐದರಿಂದ ಆರು ಮನೆಯ ಆಸುಪಾಸು ಸರಿಹೋಗುತ್ತದೆ. ದೊಡ್ಡ ಗಂಡಸರಿಗೆ ಒಂದರಿಂದ ಎರಡು ಮನೆ. ಆದರೆ ಇದು ಹುಡುಕಾಟ ಶುರುಮಾಡುವ ಜಾಗ ಅಷ್ಟೇ. ಸಿಕ್ಕ ಶ್ರುತಿಯನ್ನು ಮಗುವಿನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದುಕೊಡಿ. ನಾಲ್ಕು ತಿಂಗಳಿಗೊಮ್ಮೆ ಮತ್ತೆ ನೋಡಿ.

ಗಂಡು ಟೀಚರ್ ಒಂದು ಮನೆಯಲ್ಲಿ ಹಾಡಿ ತೋರಿಸಿ, ಎಂಟು ವರ್ಷದ ಮಗು ಅದನ್ನೇ ಐದೂವರೆಯಲ್ಲಿ ಹಿಡಿಯಬೇಕು ಅಂದರೆ ಮಗು ತಬ್ಬಿಬ್ಬಾಗುತ್ತದೆ. ಅಂಥ ಕಡೆ ಹಾರ್ಮೋನಿಯಂ ಅಥವಾ ಕೀಬೋರ್ಡಿನಲ್ಲಿ ಮಗುವಿನ ಶ್ರುತಿಯಲ್ಲೇ ನುಡಿಸಿ ತೋರಿಸಿ. ಅದೇ ಶ್ರುತಿಯಲ್ಲಿ ಪಾಠ ಕಲಿತ ಹಿರಿಯ ವಿದ್ಯಾರ್ಥಿನಿಯ ರೆಕಾರ್ಡಿಂಗ್ ಇದ್ದರೆ ಇನ್ನೂ ಚೆನ್ನ. ಬ್ಯಾಚ್ ಮಾಡುವವರಾದರೆ ವಯಸ್ಸಿಗಿಂತ ಶ್ರುತಿ ನೋಡಿ ಗುಂಪು ಮಾಡಿ.

ಹೆಜ್ಜೆ 3: ಹಣ, ರಜೆ, ದೂರು ಮಗುವಿನ ಕಿವಿಗೆ ಬೀಳದಿರಲಿ

ಫೀಸು ಎಷ್ಟು, ಯಾವ ತಾರೀಖಿಗೆ, ತಪ್ಪಿದ ಪಾಠಕ್ಕೆ ಏನು ಲೆಕ್ಕ, ಹಬ್ಬದ ರಜೆ ಯಾವುದು ಅನ್ನುವುದನ್ನೆಲ್ಲ ಮೊದಲ ವಾರವೇ ಅಪ್ಪ ಅಮ್ಮನ ಹತ್ತಿರ ಮಾತಾಡಿ, ವಾಟ್ಸ್‌ಆ್ಯಪ್‌ನಲ್ಲಿ ಬರೆದು ಹಾಕಿ. "ಅಮ್ಮಂಗೆ ಹೇಳು, ಈ ತಿಂಗಳ ಫೀಸ್ ಬಂದಿಲ್ಲ ಅಂತ" ಎಂದು ಮಗುವಿನ ಕೈಯಲ್ಲಿ ಹೇಳಿಕಳಿಸಬೇಡಿ. ಆ ಮಾತು ಕೇಳಿದ ಮೇಲೆ ಮಗು ಅವತ್ತು ಬಾಯಿ ಬಿಟ್ಟು ಹಾಡುವುದಿಲ್ಲ.

ದೂರೂ ಹಾಗೇ. ಕರೆದುಕೊಂಡು ಹೋಗಲು ಬಂದ ಅಮ್ಮನಿಗೆ ಬಾಗಿಲಲ್ಲೇ, ಚಪ್ಪಲಿ ಹಾಕುತ್ತಿರುವ ಮಗುವಿನ ಎದುರೇ "ಇವತ್ತು ಗಮನವೇ ಇರಲಿಲ್ಲ" ಅನ್ನುವುದು ನಮಗೆಲ್ಲ ಅಭ್ಯಾಸ. ಬಾಗಿಲಲ್ಲಿ ಹೇಳುವುದು ಆ ದಿನ ಸರಿಹೋದ ಒಂದು ಸಂಗತಿ ಮಾತ್ರ ಅಂತ ನಿಯಮ ಮಾಡಿಕೊಳ್ಳಿ. ಉಳಿದದ್ದನ್ನು ಫೋನಿನಲ್ಲಿ ಹೇಳಬಹುದು.

ಹೆಜ್ಜೆ 4: ಮೊದಲ ಹತ್ತು ನಿಮಿಷ

"ಪ್ರಾಕ್ಟೀಸ್ ಮಾಡಿದ್ಯಾ?" ಅನ್ನುವ ಪ್ರಶ್ನೆಯಿಂದ ಪಾಠ ಶುರುಮಾಡಿದರೆ ಮಗು ಒಂದೋ ಸುಳ್ಳು ಹೇಳಬೇಕು, ಇಲ್ಲ ತಲೆ ತಗ್ಗಿಸಬೇಕು. ಮಾಡಿದ್ದಾಳೋ ಇಲ್ಲವೋ ಅನ್ನುವುದು ಮೊದಲ ಆವರ್ತದಲ್ಲೇ (ತಾಳದ ಒಂದು ಸುತ್ತಿನಲ್ಲೇ) ನಮಗೆ ಗೊತ್ತಾಗುತ್ತದೆ. ಕೇಳುವ ಅಗತ್ಯ ಏನಿದೆ? ಬದಲಿಗೆ "ಹೋದ ಸಲದ್ದರಲ್ಲಿ ಯಾವುದು ಮೊದಲು ಹಾಡೋಣ?" ಅನ್ನಿ. ಮಗು ತನಗೆ ಬರುವುದನ್ನೇ ಆರಿಸುತ್ತದೆ. ಆರಿಸಲಿ ಬಿಡಿ. ಗಂಟಲು ತೆರೆಯುವುದಕ್ಕೆ ಬರುವ ಹಾಡೇ ಒಳ್ಳೆಯದು.

ಅದಕ್ಕೂ ಮುಂಚೆ ಎರಡು ನಿಮಿಷ ಶ್ರುತಿ ಹಾಕಿ ಸುಮ್ಮನೆ ಕೂತಿರಿ. ಆಮೇಲೆ ಸ, ಪ, ಮೇಲಿನ ಸ ಇಷ್ಟನ್ನೇ ಅಕಾರದಲ್ಲಿ ಉದ್ದಕ್ಕೆ ಹಿಡಿಯಲಿ. ನೀವೂ ಜೊತೆಗೆ ಹಾಡಿ, ಮಗುವಿನ ದನಿಗಿಂತ ಸ್ವಲ್ಪ ಕಡಿಮೆ ದನಿಯಲ್ಲಿ. ಒಬ್ಬಳೇ ಹಾಡುವ ಭಯ ಇಲ್ಲಿ ಕರಗುತ್ತದೆ. ಮೂರನೇ ಸಲ ನಿಮ್ಮ ದನಿ ನಿಲ್ಲಿಸಿ, ಹೇಳದೆ ಕೇಳದೆ.

ಹೆಜ್ಜೆ 5: ತಿದ್ದುವುದು

ಇಲ್ಲಿ ಸ್ವಲ್ಪ ನಿಧಾನಿಸೋಣ. ಎಲ್ಲ ಒಳ್ಳೆಯ ಮಾತು, ಒಳ್ಳೆಯ ಕೋಣೆ ಇದ್ದೂ ತಿದ್ದುವ ರೀತಿ ಒರಟಾಗಿದ್ದರೆ ಏನೂ ಉಪಯೋಗವಿಲ್ಲ.

ಒಂದು ಉದಾಹರಣೆ ಹಿಡಿದು ನೋಡೋಣ. ಪುರಂದರದಾಸರು ಹಾಕಿಕೊಟ್ಟದ್ದು ಅಂತ ನಾವೆಲ್ಲ ನಂಬಿರುವ ಕ್ರಮದಲ್ಲಿ ಮೊದಲ ಪಾಠ ಮಾಯಾಮಾಳವಗೌಳ ರಾಗದಲ್ಲಿ. ಹದಿನೈದನೇ ಮೇಳ, ಅಂದರೆ ಮೂಲ ರಾಗಗಳ ಪಟ್ಟಿಯಲ್ಲಿ ಹದಿನೈದನೆಯದು. ಷಡ್ಜ ಬಿಟ್ಟು ರಿಷಭಕ್ಕೆ ಅರ್ಧ ಸ್ವರದ ದೂರ ಮಾತ್ರ. ಅಲ್ಲಿಂದ ಗಾಂಧಾರಕ್ಕೆ ದೊಡ್ಡ ನೆಗೆತ. ಗಾಂಧಾರದ ಪಕ್ಕಕ್ಕೇ ಮಧ್ಯಮ. ಪಂಚಮದಿಂದ ಮೇಲಿನ ಷಡ್ಜದವರೆಗೂ ಇದೇ ನಕ್ಷೆ ಇನ್ನೊಂದು ಸಲ. ಕೇಳುವುದಕ್ಕೆ ಅಂದ, ಆದರೆ ಸಿನಿಮಾ ಹಾಡು, ಸ್ಕೂಲಿನ ಪ್ರಾರ್ಥನೆ ಕೇಳಿ ಬೆಳೆದ ಕಿವಿಗೆ ಷಡ್ಜಕ್ಕೆ ಅಂಟಿಕೊಂಡ ಈ ಶುದ್ಧ ರಿಷಭ ಹೊಸದು. ಮಗು ಸಹಜವಾಗಿ ಮೇಲಿನ ಚತುಶ್ರುತಿ ರಿಷಭದ ಕಡೆ ಹೋಗುತ್ತದೆ. ಹೆಚ್ಚುಕಮ್ಮಿ ಎಲ್ಲ ಮಕ್ಕಳೂ ಹೋಗುತ್ತವೆ.

ಈಗ ಎರಡನೇ ಸರಳೆ: ಸ ರಿ ಸ ರಿ | ಸ ರಿ | ಗ ಮ. ಮೊದಲನೇ ರಿಷಭವೇ ಮೇಲೆ ಹೋಯಿತು ಅಂದುಕೊಳ್ಳಿ. ಅಲ್ಲೇ "ತಪ್ಪು!" ಅಂತ ಕೈ ಎತ್ತಿದರೆ ಮಗು ಮುಂದಿನ ಎಲ್ಲ ರಿಷಭಗಳನ್ನೂ ನಿಮ್ಮ ಮುಖ ನೋಡುತ್ತಾ ಹಾಡುತ್ತದೆ. ಹಾಗೆ ಮಾಡುವ ಬದಲು:

ಆವರ್ತ ಮುಗಿಯಲಿ. ಎಷ್ಟೇ ಕಿವಿಗೆ ಚುಚ್ಚಿದರೂ ಮುಗಿಯಲಿ. ಇದೇ ಸಾಲಿನಲ್ಲಿ ಮೂರು ಸಲ ರಿಷಭ ಬರುತ್ತದೆ, ಮೂರೂ ಒಂದೇ ಜಾಗದಲ್ಲಿ ತಪ್ಪಿತಾ, ಬೇರೆ ಬೇರೆ ಜಾಗದಲ್ಲಿ ತಪ್ಪಿತಾ ಅಂತ ಕೇಳಿಸಿಕೊಳ್ಳಿ. ಒಂದೇ ಜಾಗದಲ್ಲಿ ತಪ್ಪಿದರೆ ಮಗುವಿನ ಕಿವಿ ಗಟ್ಟಿ ಇದೆ, ಬೇರೆ ಸ್ವರವನ್ನು ಹಿಡಿದುಕೊಂಡಿದೆ ಅಷ್ಟೇ. ಅಲೆದಾಡಿದರೆ ಕಿವಿಗೆ ಇನ್ನೂ ಸ್ವರವೇ ಸಿಕ್ಕಿಲ್ಲ. ಎರಡಕ್ಕೂ ಮದ್ದು ಬೇರೆ. ಮೊದಲಿನದಕ್ಕೆ ಎರಡು ರಿಷಭಗಳನ್ನೂ ಅಕ್ಕಪಕ್ಕ ಹಾಡಿ ತೋರಿಸಿ, "ಇದರಲ್ಲಿ ಯಾವುದು ಸಾಗೆ ಹತ್ತಿರ?" ಅಂತ ಕೇಳಿ. ಮಗು ಹಾಡಬೇಕಾಗಿಲ್ಲ, ಬೆರಳಲ್ಲಿ ಒಂದು ಅಥವಾ ಎರಡು ತೋರಿಸಿದರೆ ಸಾಕು. ಎರಡನೆಯದಕ್ಕೆ ಅವತ್ತು ಕೇಳಿಸುವುದಷ್ಟೇ ಪಾಠ. ಷಡ್ಜ ಹಿಡಿದು, ನಿಧಾನವಾಗಿ ರಿಷಭಕ್ಕೆ ಹೋಗಿ, ವಾಪಸ್ ಬನ್ನಿ.

ಕಿವಿ ಒಪ್ಪಿದ ಮೇಲೆ ಬಾಯಿ. ಸ ರಿ ಸ, ಇಷ್ಟೇ. ತಾಳ ಬೇಡ, ಉಸಿರು ಇರುವಷ್ಟು ಹೊತ್ತು. ಸರಿಬಂದಾಗ ತಕ್ಷಣ ಹೇಳಿ, ಯಾಕೆಂದರೆ ಸರಿ ಬಂದದ್ದು ಮಗುವಿಗೆ ತಾನಾಗಿ ಗೊತ್ತಾಗಿರುವುದಿಲ್ಲ. "ಈಗ ಬಂತು ನೋಡು, ಅದೇ ಜಾಗ, ಇನ್ನೊಂದು ಸಲ." ಎರಡು ಮೂರು ಸಲ ಕೂತ ಮೇಲೆ ಸಾಲಿಗೆ ವಾಪಸ್ ಸೇರಿಸಿ, ತಾಳದ ಜೊತೆ. ಸಾಲಿನಲ್ಲಿ ಮತ್ತೆ ಜಾರಿದರೆ ಅವತ್ತಿಗೆ ಬಿಡಿ. ಮುಂದಿನ ವಾರ ಇದ್ದೇ ಇದೆ.

ಒಂದು ಸಲಕ್ಕೆ ಒಂದೇ ತಪ್ಪು ಅನ್ನುವುದನ್ನು ಬಿಡಬೇಡಿ. ರಿಷಭ ತಪ್ಪಿದೆ, ಬೆರಳೆಣಿಕೆ ತಪ್ಪಿದೆ, ಬೆನ್ನು ಬಗ್ಗಿದೆ, ಬಾಯಿ ಸರಿಯಾಗಿ ತೆರೆದಿಲ್ಲ. ನಾಲ್ಕನ್ನೂ ಒಟ್ಟಿಗೆ ಹೇಳಿದರೆ ಮಗು ಯಾವುದನ್ನೂ ತಿದ್ದಿಕೊಳ್ಳಲ್ಲ. ಯಾವುದು ಮೊದಲು? ನನ್ನ ಲೆಕ್ಕದಲ್ಲಿ ಶ್ರುತಿ ಮೊದಲು, ತಾಳ ಆಮೇಲೆ, ಉಳಿದದ್ದು ಕೊನೆಗೆ.

ತಾಳ ತಪ್ಪುವ ಮಗುವಿಗೆ ಸ್ವರವನ್ನು ತೆಗೆದುಬಿಡಿ. ಆದಿತಾಳವನ್ನು ಒಂದು ಪೆಟ್ಟು, ಮೂರು ಬೆರಳು, ಪೆಟ್ಟು ಬೀಸು, ಪೆಟ್ಟು ಬೀಸು ಅಂತ ಬಾಯಲ್ಲಿ ಹೇಳುತ್ತಾ ಹಾಕಲಿ. ಆಮೇಲೆ ನೀವು ಹಾಡಿ, ಮಗು ತಾಳ ಹಾಕಲಿ. ಆಮೇಲೆ ಮಗು ಹಾಡಲಿ, ನೀವು ತಾಳ ಹಾಕಿ. ಎರಡನ್ನೂ ಒಟ್ಟಿಗೆ ಸೇರಿಸುವುದು ಕೊನೆಗೆ. ಮಧ್ಯೆ ಮಧ್ಯೆ ಬೇಕೆಂದೇ ನೀವು ತಾಳ ತಪ್ಪಿ ಹಾಕಿ, ಮಗು ಹಿಡಿಯುತ್ತದಾ ನೋಡಿ. ಹಿಡಿದಾಗ ಆ ಮುಖ ನೋಡಬೇಕು!

ಮೂರನೇ ಕಾಲದ (ಮೂರನೇ ವೇಗದ) ವಿಷಯದಲ್ಲಿ ಆತುರ ಬೇಡ. ಅಲ್ಲಿ ಒಂದು ಪೆಟ್ಟಿಗೆ ನಾಲ್ಕು ಸ್ವರ. ಎರಡನೇ ಕಾಲ ಗಟ್ಟಿಯಾಗದ ಮಗುವನ್ನು ಅಲ್ಲಿಗೆ ತಳ್ಳಿದರೆ ಸ್ವರಗಳು ಒಂದಕ್ಕೊಂದು ಅಂಟಿಕೊಂಡು ಗಂಜಿಯಾಗುತ್ತವೆ. ಮೊದಲ ಕಾಲವನ್ನೇ ಇನ್ನೂ ನಿಧಾನ ಮಾಡಿ, ಅದರ ದುಪ್ಪಟ್ಟು, ಅದರ ದುಪ್ಪಟ್ಟು ಅಂತ ಹೋದರೆ ಮೂರೂ ಕಾಲ ಕೈಗೆಟುಕುತ್ತವೆ.

ಮಗುವಿನ ತಪ್ಪನ್ನು ಅಣಕಿಸಿ ಹಾಡಿ ತೋರಿಸುವ ಅಭ್ಯಾಸ ಕೆಲವರಿಗಿದೆ. ಮೂಗಿನಿಂದ, ಸೊಟ್ಟ ಬಾಯಿ ಮಾಡಿ. ದೊಡ್ಡವರಿಗೆ ಅದು ತಮಾಷೆ. ಮಗು ಮುಂದಿನ ಸಲದಿಂದ ಮೆಲ್ಲಗೆ ಹಾಡಲು ಶುರುಮಾಡುತ್ತದೆ. ವ್ಯತ್ಯಾಸ ತೋರಿಸಲೇಬೇಕೆಂದರೆ ಎರಡನ್ನೂ ಒಂದೇ ದನಿಯಲ್ಲಿ, ಒಂದೇ ಮುಖದಲ್ಲಿ ಹಾಡಿ.

ಹೆಜ್ಜೆ 6: ಭೇಷ್ ಅನ್ನುವುದು

ಎಲ್ಲದಕ್ಕೂ "ಸೂಪರ್ ಪುಟ್ಟ" ಅಂದರೆ ನಾಲ್ಕನೇ ವಾರಕ್ಕೆ ಆ ಮಾತಿಗೆ ಬೆಲೆ ಇರುವುದಿಲ್ಲ. ಮಕ್ಕಳು ಹುಷಾರು, ತಾವು ಚೆನ್ನಾಗಿ ಹಾಡಲಿಲ್ಲ ಅಂತ ಅವರಿಗೇ ಗೊತ್ತಿರುತ್ತದೆ. ಯಾವುದು ಸರಿಹೋಯಿತೋ ಅದರ ಹೆಸರು ಹೇಳಿ ಹೊಗಳಿ. "ಇವತ್ತು ಪಂಚಮ ಅಲ್ಲಾಡಲಿಲ್ಲ." "ಮೂರನೇ ಅಲಂಕಾರದಲ್ಲಿ ಉಸಿರು ಸರಿಯಾದ ಜಾಗದಲ್ಲಿ ತಗೊಂಡೆ." ಕಛೇರಿಯಲ್ಲಿ ಹಿರಿಯ ವಿದ್ವಾಂಸರು ಒಂದು ಸಂಗತಿಗೆ (ಅದೇ ಸಾಲನ್ನು ಬೇರೆ ರೀತಿ ಹಾಡುವುದಕ್ಕೆ) ತಲೆದೂಗಿದರೆ ಹಾಡುವವರಿಗೆ ಅದು ಯಾವ ಸಂಗತಿಗೆ ಅಂತ ಗೊತ್ತಾಗುತ್ತದೆ, ಅಲ್ವಾ? ಅಷ್ಟು ನಿಖರವಾಗಿರಲಿ.

ಚೆನ್ನಾಗಿ ಬರದಿದ್ದಾಗ ಬಂದಿಲ್ಲ ಅನ್ನಿ. "ಇದು ಇನ್ನೂ ಬಂದಿಲ್ಲ, ಬರುತ್ತೆ, ಇನ್ನೊಂದು ವಾರ ತಗೊಳ್ಳೋಣ" ಅಂದರೆ ಯಾವ ಮಗುವೂ ಮುರಿದುಬೀಳುವುದಿಲ್ಲ. ಗೀತೆಗೆ ಹೋಗುವಾಗ ಧೈರ್ಯ ಹೇಳುವುದು ಸುಲಭ. ಮಲಹರಿ ರಾಗದ "ಲಂಬೋದರ" ಶುರುಮಾಡುವ ದಿನ ಮಗುವಿಗೆ ಹೇಳಿ: ಇಲ್ಲಿ ಹೊಸ ಸ್ವರ ಒಂದೂ ಇಲ್ಲ. ಮಾಯಾಮಾಳವಗೌಳದ್ದೇ ಸ್ವರಗಳು, ನಿಷಾದ ಇಲ್ಲ, ಗಾಂಧಾರ ಇಳಿಯುವಾಗ ಮಾತ್ರ. ಇಷ್ಟು ದಿನ ಬೇಜಾರಾಗಿ ಹಾಡಿದ ಸರಳೆ ಯಾಕೆ ಬೇಕಿತ್ತು ಅಂತ ಮಗುವಿಗೆ ಮೊದಲ ಸಲ ಅರ್ಥವಾಗುವುದು ಅಲ್ಲೇ.

ಹೆಜ್ಜೆ 7: ಮನೆಯಲ್ಲಿ ಸಾಧನೆ

ಕಮ್ಮಿ ಕೇಳಿ, ಖಚಿತವಾಗಿ ಕೇಳಿ. "ದಿನಾ ಒಂದು ಗಂಟೆ" ಅಂದರೆ ಯಾರೂ ಮಾಡುವುದಿಲ್ಲ. "ಸ್ನಾನ ಆದಮೇಲೆ ಹತ್ತು ನಿಮಿಷ, ಈ ಎರಡು ಸಾಲು" ಅಂದರೆ ಮಾಡುತ್ತಾರೆ. ಪಾಠದ ಕೊನೆಯಲ್ಲಿ ಆ ಎರಡು ಸಾಲನ್ನು ಮಗುವಿನ ಶ್ರುತಿಯಲ್ಲಿ ಹಾಡಿ ರೆಕಾರ್ಡ್ ಮಾಡಿ ಕಳಿಸಿ. ಇಡೀ ಪಾಠದ ಮುಕ್ಕಾಲು ಗಂಟೆಯ ರೆಕಾರ್ಡಿಂಗ್ ಯಾರೂ ಕೇಳಲ್ಲ. ಒಂದೂವರೆ ನಿಮಿಷದ್ದು ಕೇಳುತ್ತಾರೆ.

ಅಭ್ಯಾಸ ಮಾಡದೆ ಬಂದ ದಿನ ಪಾಠವನ್ನೇ ಅಭ್ಯಾಸದ ಹೊತ್ತು ಮಾಡಿ. ಹೊಸದೇನೂ ಇಲ್ಲ, ಕೋಪವೂ ಇಲ್ಲ, ಹಳೆಯದನ್ನೇ ಹಾಡಿಸಿ. ಪರೀಕ್ಷೆಯ ತಿಂಗಳಲ್ಲಿ, ಮದುವೆ ಸೀಸನ್ನಿನಲ್ಲಿ ಹೀಗೆ ಆಗುವುದು ಸಹಜ.

ಹೆಜ್ಜೆ 8: "ಆಂಟಿಗೆ ಒಂದು ಹಾಡು ಹೇಳು"

ನಮ್ಮ ಮನೆಗಳಲ್ಲಿ ಮಗು ಸಂಗೀತಕ್ಕೆ ಸೇರಿದ ಮೂರನೇ ವಾರಕ್ಕೆ ಇದು ಶುರು. ಬಂದವರ ಕೈಯಲ್ಲಿ ಕಾಫಿ ಲೋಟ, ಟಿವಿ ಮ್ಯೂಟ್‌ನಲ್ಲಿ, ಮಗು ಬಾಗಿಲ ಸಂದಿಯಲ್ಲಿ. "ಅಷ್ಟು ಫೀಸ್ ಕೊಡ್ತೀವಿ, ಒಂದು ಹಾಡು ಹೇಳೋಕೆ ಏನು ನಾಚಿಕೆ?" ಮಗುವಿಗೆ ಬರುವುದು ಜಂಟಿ ವರಸೆ. ಅದನ್ನು ಹಾಡಿದರೆ ನೆಂಟರು ನಗುತ್ತಾರೆ.

ಅಪ್ಪ ಅಮ್ಮನ ಜೊತೆ ಇದನ್ನು ನೇರವಾಗಿ ಮಾತಾಡಿ. ಮಗು ತಾನಾಗಿ ಹಾಡಿದರೆ ಸಂತೋಷ, ಕೇಳಿದಾಗ ಬೇಡ ಅಂದರೆ ಅಲ್ಲಿಗೆ ಬಿಟ್ಟುಬಿಡಿ ಅನ್ನಿ. ಜೊತೆಗೆ ಮೊದಲ ಕೆಲವು ತಿಂಗಳಲ್ಲೇ ಒಂದು ಪುಟ್ಟ ದೇವರನಾಮ ಅಥವಾ ಶ್ಲೋಕ ಹೇಳಿಕೊಡಿ, ನಾಲ್ಕು ಸಾಲಿನದು. ಸರಳೆ ವರಸೆಗೆ ಮೊದಲು ಹಾಡು ಹೇಳಿಕೊಟ್ಟರೆ ಪಾಠಕ್ರಮ ಕೆಡುತ್ತದೆ ಅನ್ನುವವರಿದ್ದಾರೆ. ನನಗೆ ಹಾಗನ್ನಿಸಿಲ್ಲ.

ಮೊದಲ ವೇದಿಕೆ ದೊಡ್ಡದಾಗಿರುವುದು ಬೇಡ. ನವರಾತ್ರಿಯಲ್ಲಿ ಗೊಂಬೆ ಕೂರಿಸಿದ ಮನೆಗಿಂತ ಒಳ್ಳೆಯ ಜಾಗ ಇಲ್ಲ. ಎಲ್ಲರೂ ಹಾಡುತ್ತಾರೆ, ಯಾರೂ ಮಾರ್ಕ್ಸ್ ಹಾಕುವುದಿಲ್ಲ, ಹಾಡಿದವರಿಗೂ ಹಾಡದವರಿಗೂ ಚರ್ಪು ಸಿಗುತ್ತದೆ. ಬೀದಿಯ ಗಣೇಶನ ಪೆಂಡಾಲು, ಅಲ್ಲಿನ ಮೈಕು, ಸ್ಪೀಕರಿನ ಗದ್ದಲ ಎಲ್ಲ ಆಮೇಲೆ ಬರಲಿ. ಪುಷ್ಯ ಮಾಸದಲ್ಲಿ ತ್ಯಾಗರಾಜರ ಆರಾಧನೆ, ಪುರಂದರದಾಸರ ಆರಾಧನೆ ಎರಡೂ ಬರುತ್ತವೆ. ಅಲ್ಲಿ ಗೋಷ್ಠಿಯಲ್ಲಿ ಕೂತು ಹತ್ತಾರು ಜನರ ದನಿಯ ನಡುವೆ ಹಾಡುವುದು ನಾಚಿಕೆಯ ಮಗುವಿಗೆ ಒಳ್ಳೆಯ ಶುರು. ಶಿಷ್ಯರನ್ನೆಲ್ಲ ಸೇರಿಸಿ ವರ್ಷಕ್ಕೊಂದು ಕಾರ್ಯಕ್ರಮ ಮಾಡುವವರು ಚಿಕ್ಕವರಿಂದ ದೊಡ್ಡವರವರೆಗೆ ಸಾಲಾಗಿ ಹಾಡಿಸುವ ಬದಲು ನಡುನಡುವೆ ಬೆರೆಸಿ. ಕೊನೆಗೆ ಹಾಡುವವಳೇ ಶ್ರೇಷ್ಠ ಅನ್ನುವ ಲೆಕ್ಕಾಚಾರ ಹುಟ್ಟುವುದಿಲ್ಲ.

ಜೂನಿಯರ್, ಸೀನಿಯರ್ ಪರೀಕ್ಷೆಗೆ ಕಟ್ಟಿಸುವುದು ಬಿಡುವುದು ಮಗುವಿನ ಇಷ್ಟ ಕೇಳಿ ಮಾಡಿ. ಅದರ ಬಗ್ಗೆ ಇಲ್ಲಿ ಹೆಚ್ಚು ಹೇಳುವುದಿಲ್ಲ.

ಹೆಜ್ಜೆ 9: ಕಂಠ ಒಡೆಯುವ ಹುಡುಗರು

ಹನ್ನೆರಡರಿಂದ ಹದಿನೈದರ ನಡುವೆ ಹುಡುಗರ ದನಿ ಒಡೆಯುತ್ತದೆ. ಇವತ್ತು ಐದೂವರೆ ಮನೆಯಲ್ಲಿ ಹಾಡಿದವನಿಗೆ ಮುಂದಿನ ತಿಂಗಳು ಮೇಲಿನ ಷಡ್ಜ ಹೋಗಿರುತ್ತದೆ. ಸಂಗೀತ ಬಿಡುವ ಹುಡುಗರಲ್ಲಿ ತುಂಬಾ ಜನ ಬಿಡುವುದು ಈ ವಯಸ್ಸಿನಲ್ಲೇ, ಅದೂ ಕಾರಣ ಹೇಳದೆ. ದನಿ ಕೀರಲಾದಾಗ ಪಕ್ಕದಲ್ಲಿ ಕೂತ ಹುಡುಗಿಯರು ನಕ್ಕರು ಅಂತ ಅವನು ಯಾರಿಗೂ ಹೇಳುವುದಿಲ್ಲ. "ಹೋಂವರ್ಕ್ ಜಾಸ್ತಿ" ಅನ್ನುತ್ತಾನೆ.

ದನಿ ಒಡೆಯುವ ಮುಂಚೆಯೇ ಅವನಿಗೆ ಹೇಳಿಡಿ. ಹೀಗಾಗುತ್ತೆ, ಎಲ್ಲ ಗಂಡಸರಿಗೂ ಆಗಿದೆ, ದೊಡ್ಡ ದೊಡ್ಡ ವಿದ್ವಾಂಸರಿಗೂ ಆಗಿದೆ. ಆಗ ಬ್ಯಾಚ್‌ನಿಂದ ತೆಗೆದು ಒಬ್ಬನಿಗೇ ಪಾಠ ಮಾಡಿ. ಶ್ರುತಿಯನ್ನು ಅವನ ದನಿಯ ಹಿಂದೆ ಹಿಂದೆ ಇಳಿಸುತ್ತಾ ಬನ್ನಿ. ಜೋರಾಗಿ, ಮೇಲಿನ ಸ್ಥಾಯಿಯಲ್ಲಿ ಹಾಡಿಸಬೇಡಿ. ಹದಿನೈದು ನಿಮಿಷ ಹಾಡು, ಉಳಿದ ಹೊತ್ತು ತಾಳ, ರಾಗ ಗುರುತಿಸುವುದು, ಸ್ವರ ಬರೆಯುವುದು, ಒಳ್ಳೆಯ ಕಛೇರಿಯ ರೆಕಾರ್ಡಿಂಗ್ ಕೇಳುವುದು. ಕೀಬೋರ್ಡೋ ಕೊಳಲೋ ಹಿಡಿದರೆ ಇನ್ನೂ ಒಳ್ಳೆಯದು. ಒಂದು ವರ್ಷ ಹೀಗೆ ಸಾಗಿದರೆ ಅವನು ಉಳಿಯುತ್ತಾನೆ.

ದನಿ ಬದಲಾದರೆ ಹಾಡು ಮುಗಿಯಿತು ಅಂದುಕೊಂಡವರಿಗೆ ಗಂಗೂಬಾಯಿ ಹಾನಗಲ್ ಅವರ 1930ರ ದಶಕದ ರೆಕಾರ್ಡುಗಳನ್ನು ಕೇಳಿಸಿ. ತೆಳುವಾದ, ಎತ್ತರದ ದನಿ. ಗಂಟಲಿನ ತೊಂದರೆ, ಅದರ ಚಿಕಿತ್ಸೆ ಆದಮೇಲೆ ಆ ದನಿ ಗಡುಸಾಯಿತು. ನಾಡು ಅವರನ್ನು ಗುರುತಿಸುವುದು ಆಮೇಲಿನ ದನಿಯಿಂದಲೇ. ಹುಡುಗರು ಎರಡನ್ನೂ ಒಂದರ ಹಿಂದೆ ಒಂದು ಕೇಳಿದರೆ ನಂಬುವುದೇ ಇಲ್ಲ.

ಹೆಜ್ಜೆ 10: ನಮಗಿಂತ ದೊಡ್ಡವರು ಶಿಷ್ಯರಾದಾಗ

ರಿಟೈರ್ ಆದಮೇಲೆ ಸಂಗೀತ ಕಲಿಯಲು ಬರುವವರು ಈಗ ಜಾಸ್ತಿ. ಅರವತ್ತೆರಡು ವರ್ಷದವರು ಮೂವತ್ತು ವರ್ಷದ ಟೀಚರನ್ನು "ಮೇಡಂ" ಅನ್ನುತ್ತಾರೆ, ಹಾಡುವ ಮೊದಲೇ "ಗಂಟಲು ಸರಿ ಇಲ್ಲ, ತಪ್ಪಿದ್ರೆ ಕ್ಷಮಿಸಿ" ಅನ್ನುತ್ತಾರೆ. ಮಕ್ಕಳಿಗಿಂತ ಇವರಿಗೆ ಹೆದರಿಕೆ ಹೆಚ್ಚು. ತಪ್ಪಿದ್ದು ಅವರಿಗೆ ಕೇಳಿಸುತ್ತದೆ, ತಿದ್ದಲು ಗಂಟಲು ಒಪ್ಪುವುದಿಲ್ಲ.

ಇವರಿಗೆ ಸರಳೆಯಿಂದಲೇ ಶುರುಮಾಡಬೇಕು ಅಂತ ಹಟ ಬೇಡ. ಭಜನಾ ಮಂಡಳಿಯಲ್ಲಿ ವರ್ಷಗಟ್ಟಲೆ ಹಾಡಿದ ಹೆಂಗಸರಿಗೆ ಹತ್ತಾರು ದೇವರನಾಮ ಬಾಯಿಪಾಠ ಇರುತ್ತದೆ. ಅದರಲ್ಲಿ ಒಂದು ಹಾಡಿಸಿ. ಪಲ್ಲವಿಯ ಒಂದು ಸಾಲಿಗೆ ನೀವೇ ಸ್ವರ ಹಾಕಿ ಬರೆದುಕೊಡಿ. "ಇಷ್ಟು ವರ್ಷ ನೀವು ಹಾಡ್ತಾ ಇದ್ದದ್ದು ಇದೇ" ಅಂದಾಗ ಪಾಠದ ಮೇಲೆ ನಂಬಿಕೆ ಬರುತ್ತದೆ. ಆಮೇಲೆ ಸರಳೆಯನ್ನು ಅವರೇ ಕೇಳುತ್ತಾರೆ. ತಿದ್ದುವಾಗ "ನೀವು" ಅನ್ನುವುದು ಹೇಗೂ ಇದ್ದದ್ದೇ. ಜೊತೆಗೆ "ಇಲ್ಲಿ ಒಂದು ಸಲ ಒಟ್ಟಿಗೆ ಹಾಡೋಣ್ವಾ?" ಅನ್ನುವ ರೀತಿ ಹೆಚ್ಚು ಹಿಡಿಸುತ್ತದೆ. ಉಸಿರು ಸಾಲದಿದ್ದರೆ ಸಾಲನ್ನು ಎರಡು ಕಡೆ ಒಡೆಯಿರಿ. ಚಿಕ್ಕವರ ಬ್ಯಾಚಿನಲ್ಲಿ ಮಾತ್ರ ಕೂರಿಸಬೇಡಿ.

ಹೆಜ್ಜೆ 11: ಆನ್‌ಲೈನ್ ಪಾಠ

ಬೆಂಗಳೂರಿನಿಂದ ಅಮೆರಿಕದ ಕನ್ನಡ ಮಕ್ಕಳಿಗೆ ಪಾಠ ಹೇಳುವವರು ಈಗ ಬೇಕಾದಷ್ಟು ಜನ. ದನಿ ಅತ್ತಿಂದಿತ್ತ ಹೋಗಿಬರುವಾಗ ತಡವಾಗುವುದರಿಂದ ಜೊತೆಯಲ್ಲಿ ಹಾಡಲು ಆಗುವುದಿಲ್ಲ. ಆದ್ದರಿಂದ ಮಗು ಯಾವಾಗಲೂ ಒಂಟಿ. ಇದಕ್ಕೆ ಒಂದು ಉಪಾಯ: ನಿಮ್ಮ ಮೈಕ್ ಮ್ಯೂಟ್ ಮಾಡಿ, ಮಗು ತನ್ನ ಕಡೆ ನಿಮ್ಮ ರೆಕಾರ್ಡಿಂಗ್ ಹಾಕಿಕೊಂಡು ಅದರ ಜೊತೆ ಹಾಡಲಿ, ನೀವು ಕೇಳಿ. ಜೂಮ್ ಬಳಸಿದರೆ ಇಬ್ಬರೂ "ಒರಿಜಿನಲ್ ಸೌಂಡ್" ಆನ್ ಮಾಡಿಕೊಳ್ಳಿ. ಇಲ್ಲದಿದ್ದರೆ ಆ ಸಾಫ್ಟ್‌ವೇರ್ ತಂಬೂರಿಯನ್ನು ಗಲಾಟೆ ಅಂದುಕೊಂಡು ಅಳಿಸಿಹಾಕುತ್ತದೆ. ಉದ್ದ ಸ್ವರ ಮಧ್ಯದಲ್ಲಿ ಕಡಿದುಹೋದಂತೆ ಕೇಳುತ್ತದೆ, ನೀವು ಮಗುವಿನ ಉಸಿರನ್ನು ದೂರುತ್ತೀರಿ. ಸ್ವರ ಅಲುಗಾಡಿದ್ದು ಮಗುವಿನದೋ ನೆಟ್‌ನದೋ ಅನುಮಾನ ಬಂದರೆ ಅಲ್ಲೇ ತಿದ್ದಬೇಡಿ, ಅದೇ ಸಾಲನ್ನು ರೆಕಾರ್ಡ್ ಮಾಡಿ ಕಳಿಸು ಅನ್ನಿ.

ಮಾರ್ಚ್ ಮತ್ತು ನವೆಂಬರ್‌ನಲ್ಲಿ ಅಲ್ಲಿನ ಗಡಿಯಾರ ಒಂದು ಗಂಟೆ ಆಚೀಚೆ ಆಗುತ್ತದೆ. ಹಿಂದಿನ ವಾರವೇ ಮೆಸೇಜ್ ಹಾಕಿ. ಮಗು ಕಾದು ಕೂತು ಟೀಚರ್ ಬರಲಿಲ್ಲ ಅಂತ ಆಗುವುದು ಬೇಡ.

ಬಿಡುತ್ತೇನೆ ಅಂದಾಗ

ಎಷ್ಟೇ ಚೆನ್ನಾಗಿ ನಡೆದರೂ ಕೆಲವರು ಬಿಡುತ್ತಾರೆ. ಒಬ್ಬಳಿಗೆ ಬ್ಯಾಡ್ಮಿಂಟನ್ ಇಷ್ಟ, ಇನ್ನೊಬ್ಬನಿಗೆ ತಬಲಾ, ಮತ್ತೊಬ್ಬಳಿಗೆ ಹತ್ತನೇ ಕ್ಲಾಸು. ಮೊದಲು ಮಗುವಿನ ಹತ್ತಿರವೇ, ಅಮ್ಮ ಇಲ್ಲದಾಗ ಕೇಳಿ: "ಹಾಡು ಬೇಜಾರಾ, ನಾನು ಹೇಳಿಕೊಡೋದು ಬೇಜಾರಾ, ಟೈಮ್ ಇಲ್ವಾ?" ಮೂರಕ್ಕೂ ಉತ್ತರ ಬೇರೆ. ಟೈಮ್ ಇಲ್ಲ ಅಂದರೆ ತಿಂಗಳಿಗೆ ಎರಡು ಪಾಠ ಮಾಡಿ. ನಿಮ್ಮ ರೀತಿ ಹಿಡಿಸಲಿಲ್ಲ ಅಂದರೆ ಇನ್ನೊಬ್ಬ ಟೀಚರ ಹೆಸರು ಹೇಳಿ, ಬಿಗುಮಾನ ಬೇಡ. ಹಾಡೇ ಬೇಡ ಅಂದರೆ ಬಿಡಲಿ.

ಹೋಗುವ ದಿನ ಹೊಸ ಪಾಠ ಬೇಡ. ಮಗು ತನಗೆ ಇಷ್ಟವಾದದ್ದನ್ನು ಹಾಡಲಿ, ತಿದ್ದಬೇಡಿ. ಇಷ್ಟು ದಿನದ ರೆಕಾರ್ಡಿಂಗ್‌ಗಳನ್ನು ಒಂದು ಫೋಲ್ಡರಿನಲ್ಲಿ ಹಾಕಿ ಕಳಿಸಿ, ಶ್ರುತಿ ಬರೆದ ಆ ನೋಟ್‌ಬುಕ್ ಮಗುವಿನ ಹತ್ತಿರವೇ ಇರಲಿ. ಬಾಕಿ ಫೀಸ್ ಇದ್ದರೆ ಅಪ್ಪ ಅಮ್ಮನಿಗೆ ಆಮೇಲೆ ಫೋನ್ ಮಾಡಿ.